ಆರು ಹೊಸ ಗೂಡುಗಳಿಗಿಂತ ಮೊದಲು ಒಂದು ಪ್ರತ್ಯೇಕ ಕೋಣೆ

ಕಟಪಾಡಿಯ ಅಕ್ಕನವರಿಗೆ ನಮಸ್ಕಾರ.

ಹಳೆಯ ಮನೆಯ ಹಿತ್ತಿಲಿನಲ್ಲಿ ಇಬ್ಬರು ಸಹಾಯಕರ ಜೊತೆ 34 ನಾಯಿಗಳನ್ನೂ 11 ಬೆಕ್ಕುಗಳನ್ನೂ ನೋಡಿಕೊಳ್ಳುತ್ತಿರುವುದಾಗಿ, ಕಳೆದ ಜೂನ್‌ನಲ್ಲಿ ಪಾರ್ವೊ ಎಂಬ ವಾಂತಿಭೇದಿಯ ವೈರಸ್ ರೋಗ ತಗಲಿ ಏಳು ನಾಯಿಮರಿಗಳು ಒಂದೇ ವಾರದಲ್ಲಿ ತೀರಿಕೊಂಡದ್ದಾಗಿ ಬರೆದಿದ್ದೀರಿ. ದಾನಿಯೊಬ್ಬರು ಕೊಟ್ಟ ಹಣದಲ್ಲಿ ಇನ್ನೂ ಆರು ಗೂಡು ಕಟ್ಟಿಸಬೇಕೆಂದಿದ್ದು, ಅವುಗಳ ಅಳತೆ ಎಷ್ಟಿರಬೇಕೆಂದು ಕೇಳಿದ್ದೀರಿ. ನಾನು ಕೊಡುವ ಉತ್ತರ ನೀವು ಕೇಳಿದ್ದಲ್ಲ, ಬೇಸರಿಸಬಾರದು. ಆ ಆರು ಗೂಡುಗಳನ್ನು ಈಗ ಕಟ್ಟಿಸಬೇಡಿ. ಅದೇ ಹಣದಲ್ಲಿ ಹೊಸದಾಗಿ ಬಂದ ಪ್ರಾಣಿಗಳನ್ನು ಹದಿನಾಲ್ಕು ದಿನ ಬೇರೆಯಾಗಿ ಇಡುವ ಒಂದು ಕೋಣೆಯನ್ನು ಕಟ್ಟಿಸಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೂಲ್ಕಿಯ ಹತ್ತಿರ ನಾನು ಸಣ್ಣ ಪ್ರಮಾಣದಲ್ಲಿ ಈ ಕೆಲಸ ಆರಂಭಿಸಿದ ಎರಡನೆಯ ಮಳೆಗಾಲದಲ್ಲಿ ಹುಡುಗನೊಬ್ಬ ರಟ್ಟಿನ ಪೆಟ್ಟಿಗೆಯಲ್ಲಿ ಒದ್ದೆಯಾದ ಮರಿಯೊಂದನ್ನು ತಂದುಕೊಟ್ಟ. ಬೇರೆ ಜಾಗವಿಲ್ಲದ್ದರಿಂದ ಒಂದು ರಾತ್ರಿಯ ಮಟ್ಟಿಗೆಂದು ಅದನ್ನು ಉಳಿದ ಮರಿಗಳ ಕೋಣೆಯಲ್ಲೇ ಇರಿಸಿದೆ. ಹತ್ತು ದಿನಗಳೊಳಗೆ ಒಂಬತ್ತು ಮರಿಗಳನ್ನು ಹೂಳಬೇಕಾಯಿತು. ಪಾರ್ವೊ ಸೋಂಕು ತಗಲಿದ ಮೇಲೆ ವಾಂತಿ, ಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಹದಿನಾಲ್ಕು ದಿನಗಳವರೆಗೂ ಬೇಕಾಗುತ್ತದೆ. ಆದರೆ ಲಕ್ಷಣ ಕಾಣುವ ಮೊದಲೇ ಮಲದಲ್ಲಿ ವೈರಸ್ ಹೊರಬೀಳುತ್ತಿರುತ್ತದೆ. ಆದ್ದರಿಂದ ಚುರುಕಾಗಿ ಆಡುತ್ತಿರುವ ಮರಿಯನ್ನು ನೋಡಿ ಅದು ಆರೋಗ್ಯವಾಗಿದೆ ಎಂದು ನಿರ್ಧರಿಸುವಂತಿಲ್ಲ.

ಈಗ ಸಂಖ್ಯೆಯ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದ ಆಶ್ರಯತಾಣಗಳಲ್ಲಿ ಬಹುಕಾಲದಿಂದ ಬಳಸುವ ಒಂದು ಕನಿಷ್ಠ ಲೆಕ್ಕವಿದೆ: ಒಂದು ಪ್ರಾಣಿಗೆ ದಿನಕ್ಕೆ ಸ್ವಚ್ಛತೆಗೆ 9 ನಿಮಿಷ, ಊಟಕ್ಕೆ 6 ನಿಮಿಷ, ಒಟ್ಟು 15 ನಿಮಿಷ. ನಿಮ್ಮಲ್ಲಿ 45 ಪ್ರಾಣಿಗಳಿರುವುದರಿಂದ ಅದು ಹನ್ನೊಂದು ಕಾಲು ಗಂಟೆಯ ಕೆಲಸವಾಗುತ್ತದೆ. ಇಬ್ಬರು ಸಹಾಯಕರು ತಲಾ ನಾಲ್ಕು ಗಂಟೆ ಇದಕ್ಕಾಗಿಯೇ ಕೊಟ್ಟರೂ ಎಂಟು ಗಂಟೆ, ಅಂದರೆ 32 ಪ್ರಾಣಿಗಳಿಗೆ ಮಾತ್ರ ಸಾಕು. ಔಷಧಿ ಕೊಡುವುದು, ವೈದ್ಯರಲ್ಲಿಗೆ ಕರೆದೊಯ್ಯುವುದು, ನಾಯಿಯನ್ನು ಬಯಲಿಗೆ ಬಿಡುವುದು, ದತ್ತು ಕೇಳಿ ಬರುವವರ ಫೋನಿಗೆ ಉತ್ತರಿಸುವುದು ಈ ಲೆಕ್ಕದಲ್ಲಿ ಸೇರಿಲ್ಲ. ಗೂಡುಗಳು ಹೆಚ್ಚಾದರೆ ಅವು ತುಂಬಿಯೇ ತುಂಬುತ್ತವೆ, ಕೆಲಸ ಮಾಡುವ ಕೈಗಳು ಮಾತ್ರ ಅಷ್ಟೇ ಉಳಿಯುತ್ತವೆ.

ಸಂಖ್ಯೆ ಇಳಿಸುವುದೆಂದರೆ ನಾಯಿಗಳನ್ನು ಹೊರಗೆ ಹಾಕುವುದೆಂದು ತಿಳಿಯಬೇಡಿ. ತಿಂಗಳಿಗೆ ಸರಾಸರಿ ಆರು ನಾಯಿಗಳು ಬರುತ್ತವೆ ಎಂದಿದ್ದೀರಿ. ಬಂದ ನಾಯಿ ಸುಮಾರು ಆರು ತಿಂಗಳು ನಿಮ್ಮಲ್ಲೇ ಉಳಿಯುವುದರಿಂದ ಸಂಖ್ಯೆ 34ರ ಆಸುಪಾಸಿನಲ್ಲಿದೆ. ಅದೇ ನಾಯಿ ನಾಲ್ಕು ತಿಂಗಳಿಗೆ ಮನೆ ಸೇರುವಂತಾದರೆ, ಒಂದು ನಾಯಿಯನ್ನೂ ನಿರಾಕರಿಸದೆ ಸಂಖ್ಯೆ 24ಕ್ಕೆ ಇಳಿಯುತ್ತದೆ. ಲಸಿಕೆ ತಡವಾದದ್ದು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸಲು ಮರೆತದ್ದು, ಒಳ್ಳೆಯ ಫೋಟೊ ತೆಗೆಯದೆ ಉಳಿದದ್ದು ಇಂಥ ಸಣ್ಣ ವಿಳಂಬಗಳಲ್ಲೇ ಆ ಎರಡು ತಿಂಗಳು ಸೋರಿಹೋಗುತ್ತವೆ. ಪ್ರತಿ ಗೂಡಿಗೂ ಒಂದು ಹಾಳೆ ತೂಗುಹಾಕಿ, ನಾಯಿ ಬಂದ ದಿನ, ತೂಕ, ಲಸಿಕೆಯ ದಿನಗಳು, ಮುಂದಿನ ಕೆಲಸ ಏನು, ಯಾವತ್ತು ಎಂಬುದನ್ನು ಬರೆಯಿರಿ. ವಾರಕ್ಕೊಮ್ಮೆ ಮೂವರೂ ಸೇರಿ ಗೂಡಿನಿಂದ ಗೂಡಿಗೆ ನಡೆದು, ಈ ನಾಯಿ ಇನ್ನೂ ಏಕೆ ಇಲ್ಲಿದೆ ಎಂದು ಕೇಳಿಕೊಳ್ಳಿ.

ಇನ್ನು ಆರೋಗ್ಯವಂತ ಬೀದಿನಾಯಿಗಳ ವಿಷಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಕೊಟ್ಟು, ಹಿಡಿದ ಜಾಗದಲ್ಲೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಆದರೆ ಆ ಹೊಣೆಯನ್ನು ಹೊರಿಸಿರುವುದು ಸ್ಥಳೀಯ ಸಂಸ್ಥೆಗಳ ಮೇಲೆ. ನಿಮ್ಮ ಗೇಟಿನ ಮುಂದೆ ತಂದು ಕಟ್ಟಿಹೋಗುವವರಿಗೆ ಇದನ್ನು ಸಮಾಧಾನದಿಂದ ತಿಳಿಸಿ. ನಿಮ್ಮ ಜಾಗ ಗಾಯಗೊಂಡವುಗಳಿಗೆ, ತಾಯಿಯಿಲ್ಲದ ಮರಿಗಳಿಗೆ, ಮನೆಯಿಂದ ಹೊರಹಾಕಲ್ಪಟ್ಟವುಗಳಿಗೆ ಉಳಿಯಬೇಕು.

ಪ್ರತ್ಯೇಕ ಕೋಣೆಯನ್ನು ಹಿತ್ತಿಲಿನ ಇಳಿಜಾರಿನ ಕೆಳಭಾಗದಲ್ಲಿ ಕಟ್ಟಿಸಿ. ನಮ್ಮ ಕರಾವಳಿಯ ಮಳೆಯಲ್ಲಿ ಮೇಲಿನ ಕೋಣೆ ತೊಳೆದ ನೀರು ಕೆಳಗಿನ ಕೋಣೆಯ ಬಾಗಿಲಿಗೇ ಬರುತ್ತದೆ. ನೆಲ ಸಿಮೆಂಟಿನದಾಗಿರಲಿ. ಗೋಡೆಯನ್ನು ಕೆಂಪುಕಲ್ಲಿನಲ್ಲಿ ಕಟ್ಟಿಸಿದರೂ ಒಳಗೆ ನಯವಾಗಿ ಸಾರಣೆ ಮಾಡಿಸಲೇಬೇಕು. ನಾಯಿಯ ಉಣ್ಣಿ ರಕ್ತ ಹೀರಿದ ಮೇಲೆ ಕೆಳಗಿಳಿದು, ಗೋಡೆಯ ಸಂದಿಗಳಿಗೆ ಹತ್ತಿ ಸಾವಿರಾರು ಮೊಟ್ಟೆ ಇಡುತ್ತದೆ. ಕೆಂಪುಕಲ್ಲಿನ ತೂತುಗಳಿಗಿಂತ ಒಳ್ಳೆಯ ಅಡಗುತಾಣ ಅದಕ್ಕೆ ಬೇರೆ ಬೇಡ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆಯನ್ನು ಹಾಗೆಯೇ ಬಿಟ್ಟರೆ ಉಣ್ಣಿಜ್ವರ ವರ್ಷವಿಡೀ ತಿರುಗಿ ತಿರುಗಿ ಬರುತ್ತಿರುತ್ತದೆ. ಆದರೆ ನಾಯಿಗಳಿಗೆ ಬಳಸುವ ಪರ್ಮೆಥ್ರಿನ್ ಔಷಧಿ ಬೆಕ್ಕುಗಳಿಗೆ ವಿಷವೆಂಬುದನ್ನು ಸಹಾಯಕರಿಗೆ ಹೇಳಿಡಿ.

ಆ ಕೋಣೆಯ ಬಕೆಟ್, ಹಿಡಿಸೂಡಿ, ಚಪ್ಪಲಿ ಯಾವುದೂ ಬೇರೆ ಕಡೆಗೆ ಹೋಗಬಾರದು. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಬಳಸಿ ಸುಟ್ಟುಬಿಡಿ. ನಮ್ಮೂರಿನಲ್ಲಿ ಇಷ್ಟು ಸುಲಭವಾಗಿ ಸಿಗುವ ಅನುಕೂಲ ಇನ್ನೊಂದಿಲ್ಲ. ಬೆಳಗಿನ ಕೆಲಸ ಆರೋಗ್ಯವಂತ ಮರಿಗಳಿಂದ ಆರಂಭವಾಗಿ, ದೊಡ್ಡ ನಾಯಿಗಳ ಬಳಿಕ ಪ್ರತ್ಯೇಕ ಕೋಣೆಗೆ, ಕೊನೆಗೆ ಕಾಯಿಲೆಯವುಗಳಿಗೆ ಸಾಗಲಿ. ಈ ಕ್ರಮ ತಪ್ಪಿದರೆ ರೋಗವನ್ನು ಸಾಗಿಸುವವರು ನಾವೇ ಆಗುತ್ತೇವೆ.

ಫಿನಾಯಿಲ್ ಹಾಕಿ ತೊಳೆಯುತ್ತಿದ್ದೇವೆ ಎಂದು ಬರೆದಿದ್ದೀರಿ. ಪಾರ್ವೊ ವೈರಸ್ ಅದರಿಂದ ಸಾಯುವುದೆಂದು ನಂಬುವಂತಿಲ್ಲ, ಬೆಕ್ಕುಗಳಿಗಂತೂ ಫಿನಾಲ್ ಅಂಶ ಅಪಾಯಕಾರಿ. ಮೊದಲು ಮಲವನ್ನು ತೆಗೆದು, ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಕೊಳೆ ಉಳಿದಿದ್ದರೆ ಕ್ಲೋರಿನ್ ತನ್ನ ಶಕ್ತಿಯನ್ನು ಅದರಲ್ಲೇ ಕಳೆದುಕೊಳ್ಳುತ್ತದೆ. ಬಳಿಕ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ದ್ರಾವಣವನ್ನು 1 ಪಾಲಿಗೆ 30 ಪಾಲು ನೀರಿನಂತೆ ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಹಾಕಿ, ಆಮೇಲೆ ತೊಳೆದು ಒಣಗಿಸಿ. ದ್ರಾವಣವನ್ನು ಪ್ರತಿದಿನ ಹೊಸದಾಗಿ ಮಾಡಿಕೊಳ್ಳಬೇಕು, ಅದಕ್ಕೆ ಆ್ಯಸಿಡ್ ಮಾತ್ರ ಎಂದೂ ಸೇರಿಸಬಾರದು. ಮರಿಗಳು ಸತ್ತ ಜಾಗದ ಮಣ್ಣಿಗೆ ಇದಾವುದೂ ನಾಟುವುದಿಲ್ಲ. ಮಣ್ಣಿನಲ್ಲಿ ಆ ವೈರಸ್ ಹಲವು ತಿಂಗಳು ಬದುಕುವುದರಿಂದ, ಲಸಿಕೆ ಪೂರ್ಣಗೊಳ್ಳದ ಮರಿಯನ್ನು ಒಂದು ವರ್ಷದವರೆಗೆ ಆ ಅಂಗಳಕ್ಕೆ ಇಳಿಸಬೇಡಿ.

ಪಾರ್ವೊ ಲಸಿಕೆಯನ್ನು ಬಂದ ದಿನವೇ ಕೊಡಿಸಬೇಕು, ಒಂದು ವಾರ ನೋಡೋಣ ಎಂದು ಕಾಯಬಾರದು. ಮರಿಗಳಿಗೆ ತಾಯಿಯಿಂದ ಬಂದ ರೋಗನಿರೋಧಕ ಅಂಶ ಲಸಿಕೆಯ ಕೆಲಸಕ್ಕೆ ಅಡ್ಡಿಯಾಗುವುದರಿಂದ, ಆರು ವಾರದ ವಯಸ್ಸಿನಿಂದ ಆರಂಭಿಸಿ ಎರಡು ಮೂರು ವಾರಗಳಿಗೊಮ್ಮೆ ಕನಿಷ್ಠ ಹದಿನಾರು ವಾರಗಳವರೆಗೆ ಕೊಡಬೇಕಾಗುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ್ದರಿಂದ, ಜುಲೈಯಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮನೆಯ ಫ್ರಿಜ್‌ನಲ್ಲಿ ದಾಸ್ತಾನು ಮಾಡದೆ ವೈದ್ಯರಲ್ಲೇ ಇಟ್ಟಿರುವುದು ಲೇಸು.

ನಿಮ್ಮ ಸಹಾಯಕರ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಇಬ್ಬರಿಗೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿ. ರೇಬಿಸ್‌ನಿಂದಲೇ ಜೊಲ್ಲು ಸುರಿಸುತ್ತಾ ನುಂಗಲಾಗದೆ ಇರಬಹುದಾದ ನಾಯಿಯನ್ನು ಕಂಡು, ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಬಾಯಿಗೆ ಕೈ ಹಾಕುವ ತಪ್ಪನ್ನು ಒಳ್ಳೆಯ ಮನಸ್ಸಿನವರೇ ಮಾಡುತ್ತಾರೆ. ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಮೊದಲೇ ಲಸಿಕೆ ಆಗಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇರುವುದರಿಂದ ಗಮ್‌ಬೂಟ್ ಇಲ್ಲದೆ ಯಾರೂ ಗೂಡು ತೊಳೆಯಬಾರದು. ಸಂಜೆ ಉಳಿದ ಅನ್ನವನ್ನು ತೆಗೆದುಬಿಟ್ಟರೆ ಇಲಿಗಳೂ ಕಡಿಮೆಯಾಗುತ್ತವೆ.

ಬೆಕ್ಕುಗಳನ್ನು ನಾಯಿಗಳ ಕಣ್ಣಿಗೂ ಸಾಧ್ಯವಾದಷ್ಟು ಬೊಗಳುವಿಕೆಗೂ ದೂರ ಇರಿಸಿ. ಪ್ರತಿಯೊಂದಕ್ಕೂ ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಏರಿ ಕೂರಲು ಒಂದು ಹಲಗೆ ಇದ್ದರೆ ಸಾಕು, ಎರಡು ದಿನಗಳಲ್ಲೇ ಬದಲಾವಣೆ ಕಾಣುತ್ತದೆ. ಹೆದರಿದ ಬೆಕ್ಕು ಶೀತಕ್ಕೆ ಬೇಗ ತುತ್ತಾಗುತ್ತದೆ, ಊಟ ಬಿಡುತ್ತದೆ. ಎರಡು ದಿನ ತಿನ್ನದ ಬೆಕ್ಕನ್ನು ವೈದ್ಯರಿಗೆ ತೋರಿಸಲೇಬೇಕು, ಪ್ಯಾರಾಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬಾರದು.

ದತ್ತು ಕೊಡುವಾಗ ಮಣಿಪಾಲದ ವಿದ್ಯಾರ್ಥಿಗಳನ್ನು ಒಮ್ಮೆಲೇ ನಿರಾಕರಿಸಬೇಡಿ. ಓದು ಮುಗಿಸಿ ಊರಿಗೆ ಹೋಗುವಾಗ ನಾಯಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರವಿಲ್ಲದವರಿಗೆ ಮರಿಗಳನ್ನು ಕೆಲವು ವಾರಗಳ ಮಟ್ಟಿಗೆ ಸಾಕಲು ಕೊಡಬಹುದು. ಜೂನ್‌ನಲ್ಲಿ ಮರಿಗಳು ಗುಂಪಿನಲ್ಲಿ ಇರುವುದಕ್ಕಿಂತ ಅಂಥ ಮನೆಗಳಲ್ಲಿ ಎರಡೆರಡಾಗಿ ಬೆಳೆಯುವುದು ಎಷ್ಟೋ ಸುರಕ್ಷಿತ.

ಕೋಣೆಗೆ ಹತ್ತಡಿ ಅಗಲ, ಹದಿನಾರಡಿ ಉದ್ದ ಸಾಕು. ಒಳಗೆ ನಾಲ್ಕು ಭಾಗ, ಭಾಗಗಳ ನಡುವೆ ಜಾಲರಿಯ ಬದಲು ಗೋಡೆ, ಪ್ರತಿ ಭಾಗಕ್ಕೂ ಬೇರೆ ಚರಂಡಿ. ಮೇ ತಿಂಗಳ ಮೊದಲ ವಾರಕ್ಕೆ ಸಾರಣೆ ಮುಗಿದು ಒಣಗಿದರೆ ಮಳೆಗೆ ಮೊದಲೇ ಬಳಸಬಹುದು. ನಿಮ್ಮ ಹಿತ್ತಿಲಿನ ಇಳಿಜಾರು ಯಾವ ಕಡೆಗೆ, ಬಾವಿ ಎಲ್ಲಿದೆ ಎಂಬುದರ ಒಂದು ಕೈಬರಹದ ನಕ್ಷೆಯನ್ನು ಇಲ್ಲಿ ಹಾಕಿ. ಚರಂಡಿಯ ನೀರು ಬಾವಿಗೆ ಇಳಿಯದಂತೆ ಕೋಣೆ ಎಲ್ಲಿ ಬರಬೇಕೆಂದು ನೋಡಿ ಹೇಳುತ್ತೇನೆ.