ಮನುಷ್ಯರಿಗೇಕೆ ಕೆಟಲ್ಲಿನ ಹೆಸರು?

ಪ್ರಶ್ನೆ: ರಷ್ಯನ್ ಕಲಿಯುತ್ತಿದ್ದೇನೆ. ‘ಚಾಯ್ನಿಕ್’ ಅಂದರೆ ಚಹಾ ಪಾತ್ರೆ ಎಂದು ಪಾಠದಲ್ಲಿತ್ತು. ಮನುಷ್ಯರಿಗೂ ಹಾಗೆ ಬೈಯುತ್ತಾರಂತೆ. ಯಾಕೆ? ಯಾರಿಗೆ ಅನ್ನಬಹುದು?

ಉತ್ತರ: ನೀರು ಕಾಯಿಸುವ ಕೆಟಲ್ಲಿಗೂ ಚಹಾ ಸೊಪ್ಪು ನೆನೆಸುವ ಚಿಕ್ಕ ಪಾತ್ರೆಗೂ ಅದೇ ಹೆಸರು. ಬೈಗುಳವಾದಾಗ ‘ದಡ್ಡ’ ಅನ್ನುವುದಕ್ಕಿಂತ ‘ಇನ್ನೂ ಕೈ ಪಳಗದವ’ ಎಂಬ ಅರ್ಥ ಹೆಚ್ಚು. ಹೊಸ ಡ್ರೈವರುಗಳು, ಕಂಪ್ಯೂಟರ್ ಮುಂದೆ ತಡವರಿಸುವವರು ಇದಕ್ಕೆ ಸುಲಭದ ಗುರಿ.

ಹುಟ್ಟಿನ ಬಗ್ಗೆ ಜನ ಹೇಳುವ ಕಥೆ ಪರ್ವತಾರೋಹಿಗಳದು. ಮೊದಲ ಸಲ ಶಿಖರ ಮುಟ್ಟಿದವರು ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಮುಂದೆ ಚಾಚಿ ಫೋಟೊಗೆ ನಿಲ್ಲುತ್ತಿದ್ದರಂತೆ: ಒಂದು ಕಡೆ ಹಿಡಿಕೆ, ಇನ್ನೊಂದು ಕಡೆ ಮೂತಿ! ಇಷ್ಟು ಚೊಕ್ಕವಾಗಿ ಹೊಂದುವ ಕಥೆಯನ್ನು ಅನುಮಾನದಿಂದಲೇ ಕೇಳಬೇಕು. ಹೊಸಬರಿಗೆ ವಿಷಯ ಕಲಿಸುವ ಇಂಗ್ಲಿಷಿನ ‘ಫಾರ್ ಡಮ್ಮೀಸ್’ (ದಡ್ಡರಿಗಾಗಿ) ಪುಸ್ತಕಮಾಲೆಯ ರಷ್ಯನ್ ಹೆಸರು ‘ದ್ಲ್ಯಾ ಚಾಯ್ನಿಕೊವ್’, ಅಂದರೆ ಚಾಯ್ನಿಕ್‌ಗಳಿಗಾಗಿ. ದುಡ್ಡು ಕೊಟ್ಟು ಕೊಳ್ಳುವ ಬೈಗುಳ!

ಕಾರಿನ ಹಿಂದೆ ಕೆಟಲ್ ಚಿತ್ರ ಅಂಟಿಸಿಕೊಳ್ಳುವವರೂ ಇದ್ದಾರೆ. ಅದು ತಮಾಷೆಗೆ ಮಾತ್ರ. ಲೈಸೆನ್ಸ್ ಪಡೆದು ಎರಡು ವರ್ಷ ತುಂಬದವರಿಗೆ ಕಾನೂನು ಹೇಳುವ ಗುರುತು ಬೇರೆ: 15 ಸೆಂ.ಮೀ. ಬದಿಯ ಹಳದಿ ಚೌಕ, ಅದರಲ್ಲಿ 11 ಸೆಂ.ಮೀ. ಎತ್ತರದ ಕಪ್ಪು ಆಶ್ಚರ್ಯಸೂಚಕ.

ಬಳಸುವಾಗ ಒತ್ತು ‘ಚಾ’ ಮೇಲಿರಲಿ. ಬಹುವಚನ ‘ಚಾಯ್ನಿಕಿ’. ಹೆಂಗಸರಿಗೂ ‘ಚಾಯ್ನಿಕ್’ ಎಂದೇ ಅನ್ನಬೇಕು. ವ್ಯಾಕರಣ ನೆನಪಾಗಿ, ಸ್ತ್ರೀಲಿಂಗ ಮಾಡಲು ಹೋಗಿ ‘ಚಾಯ್ನಿತ್ಸ’ ಎಂದಿರೋ, ಅದು ಚಹಾ ಸೊಪ್ಪಿನ ಡಬ್ಬಿ. ಎಲ್ಲಕ್ಕಿಂತ ಕ್ಷೇಮವೆಂದರೆ ನಿಮಗೆ ನೀವೇ ಅಂದುಕೊಳ್ಳುವುದು: ‘ಯಾ ವೆತಮ್ ಪೋಲ್ನಿಯ್ ಚಾಯ್ನಿಕ್’, ಈ ವಿಷಯದಲ್ಲಿ ನಾನು ಪೂರಾ ಹೊಸಬ. ಅಂಗಡಿಯವರು, ರಿಪೇರಿಯವರು ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಗೆಳೆಯರಿಗೆ ಅಂದರೂ ನಡೆದೀತು. ಮೇಲಧಿಕಾರಿಗೆ, ಅಪರಿಚಿತರಿಗೆ ಬೇಡ. ಟ್ರಾಫಿಕ್ಕಿನಲ್ಲಿ ಕಿಟಕಿ ಇಳಿಸಿ ಕೂಗಿದರೆ ಜಗಳ ಖಚಿತ.

ಪ್ರಶ್ನೆ: ‘ಶರಮಿಝ್ನಿಕ್’ ಎಂಬ ಬೈಗುಳ ನೆಪೋಲಿಯನ್ನನ ಸೈನಿಕರಿಂದ ಬಂದದ್ದೇ?

ಉತ್ತರ: 1812ರಲ್ಲಿ ಮಾಸ್ಕೋದಿಂದ ಹಿಂದಿರುಗುತ್ತಿದ್ದ ಹಸಿದ ಫ್ರೆಂಚರು ‘ಶೆರ್ ಅಮಿ’, ಪ್ರಿಯ ಮಿತ್ರ, ಎಂದು ರೊಟ್ಟಿ ಬೇಡಿದರು, ಅದೇ ಬೈಗುಳವಾಯಿತು ಎನ್ನುತ್ತಾರೆ. ಆದರೆ ‘ಪುಕ್ಕಟೆ’ ಎಂಬರ್ಥದ ‘ಶರೋಮ್ ದಾರೊಮ್’ನಂಥ ಮಾತುಗಳು ರಷ್ಯನ್ನಿನಲ್ಲೇ ಇವೆ, ಅದರ ನಂಟೇ ಹೆಚ್ಚು ನಂಬುವಂಥದ್ದು. ಅರ್ಥ: ಬಿಟ್ಟಿಕೂಳು ಹುಡುಕುವ ಸಣ್ಣ ಮೋಸಗಾರ. ಈಗ ಇದು ಹಳೇ ಕಾಲದ ಮಾತಿನಂತೆ ಕೇಳುತ್ತದೆ, ಹಾಗಾಗಿ ನಗು ಬರಿಸಲು ಚಾಯ್ನಿಕ್‌ಗಿಂತ ವಾಸಿ.