ಗ್ಯಾಲಕ್ಟೋಸ್ ಎಂಬ ಸಕ್ಕರೆ ಕೊಟ್ಟಾಗ ಮಾತ್ರ ಯೀಸ್ಟ್‌ನ ಗ್ಯಾಲ್ ಜೀನ್‌ಗಳು (ಆ ಸಕ್ಕರೆಯನ್ನು ಬಳಸಿಕೊಳ್ಳಲು ಬೇಕಾದವು) ಚಾಲೂ ಆಗುವುದು ಹೇಗೆ? ಸಸ್ತನಿಗಳಲ್ಲೂ ಹೀಗೆಯೇ?

ಇದನ್ನು ನಿರ್ಧರಿಸುವುದು ಗ್ಯಾಲ್4 ಎಂಬ ಪ್ರೋಟೀನು. ಇಂಥ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ: ಡಿಎನ್ಎಯ ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು, ಪಕ್ಕದ ಜೀನನ್ನು ಆರ್‌ಎನ್ಎಗೆ ನಕಲು ಮಾಡುವ ಯಂತ್ರವನ್ನು ಅಲ್ಲಿಗೆ ಕರೆತರುವುದು ಇವುಗಳ ಕೆಲಸ.

ಸ್ವಾರಸ್ಯವೆಂದರೆ, ಗ್ಯಾಲಕ್ಟೋಸ್ ಇಲ್ಲದಾಗಲೂ ಗ್ಯಾಲ್4 ಡಿಎನ್ಎಯಲ್ಲಿ ತನ್ನ 17 ಅಕ್ಷರಗಳ (ಬೇಸ್ ಜೋಡಿಗಳ) ಜಾಗದಲ್ಲಿ ಕೂತಿರಬಲ್ಲದು. ಆದರೆ ಯಂತ್ರವನ್ನು ಕರೆಯುವ ಅದರ ತುದಿಯನ್ನು ಗ್ಯಾಲ್80 ಎಂಬ ಪ್ರೋಟೀನು ಮುಚ್ಚಿಟ್ಟಿರುತ್ತದೆ. ಗ್ಯಾಲಕ್ಟೋಸ್ ಮತ್ತು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಸೇರಿದ ಗ್ಯಾಲ್3 ಎಂಬ ಪ್ರೋಟೀನು, ಗ್ಯಾಲ್80ಯನ್ನು ಹಿಡಿದುಕೊಂಡು ಆ ತಡೆ ತೆಗೆಯುತ್ತದೆ.

ಈ ಜೀನ್‌ಗಳನ್ನು ಚಾಲೂ ಮಾಡುವ ಪ್ರಯೋಗ ಕೆಡುವುದು ಸಾಮಾನ್ಯವಾಗಿ ಗ್ಲೂಕೋಸ್‌ನಿಂದ. ಅದು ಉಳಿದಿದ್ದರೆ ಮಿಗ್1 ಎಂಬ ಇನ್ನೊಂದು ಪ್ರೋಟೀನು ಜೀನ್‌ಗಳನ್ನು ಅದುಮಿಡುತ್ತದೆ. ಎಷ್ಟು ಗ್ಯಾಲಕ್ಟೋಸ್ ಸುರಿದರೂ ಫಲ ಅಷ್ಟಕ್ಕಷ್ಟೇ. ಅದಕ್ಕೇ ಕೋಶಗಳನ್ನು ಮೊದಲು, ಈ ಜೀನ್‌ಗಳನ್ನು ಹಾಗೆ ಅದುಮದ ಬೇರೊಂದು ಸಕ್ಕರೆಯಾದ ಶೇ. 2ರ ರ‍್ಯಾಫಿನೋಸ್‌ನಲ್ಲಿ ಬೆಳೆಸಿ, ಬಳಿಕ ಶೇ. 2ರ ಗ್ಯಾಲಕ್ಟೋಸ್ ಸೇರಿಸುತ್ತಾರೆ. ಗ್ಲೂಕೋಸ್‌ನಿಂದ ನೇರವಾಗಿ ಬದಲಿಸಿದರೆ ಗಂಟೆಗಟ್ಟಲೆ ಕಾಯಬೇಕಾದೀತು.

ಸಸ್ತನಿಗಳಲ್ಲೂ ತತ್ವ ಇದೇ. ಗ್ಯಾಲ್4ಅನ್ನು ಸಸ್ತನಿ ಕೋಶಕ್ಕೆ ಸೇರಿಸಿ, ಅದರ ಜಾಗವನ್ನು ಒಂದು ಜೀನಿನ ಮುಂದೆ ಇಟ್ಟರೆ ಅಲ್ಲೂ ಕೆಲಸ ಮಾಡುತ್ತದೆ! ವ್ಯತ್ಯಾಸ ಇರುವುದು ದೂರದಲ್ಲಿ. ಯೀಸ್ಟ್‌ನಲ್ಲಿ ನಿಯಂತ್ರಣದ ಜಾಗ ಸಾಮಾನ್ಯವಾಗಿ ಜೀನಿನಿಂದ ಕೆಲವು ನೂರು ಅಕ್ಷರಗಳಷ್ಟು ಹಿಂದೆ ಇರುತ್ತದೆ. ಸಸ್ತನಿಗಳಲ್ಲಿ ಅದು ಸಾವಿರಾರು, ಕೆಲವೊಮ್ಮೆ 10 ಲಕ್ಷ ಅಕ್ಷರಗಳಾಚೆ ಇರಬಹುದು. ಡಿಎನ್ಎ ಬಾಗಿ ಎರಡನ್ನೂ ಹತ್ತಿರ ತರುತ್ತದೆ. ಜೊತೆಗೆ ಒಂದು ಜೀನಿಗೆ ಹಲವು ಫ್ಯಾಕ್ಟರ್‌ಗಳು ಒಟ್ಟಿಗೆ ಬೇಕಾಗುವುದರಿಂದ, ಯಕೃತ್ತಿನಲ್ಲಿ ಚಾಲೂ ಇರುವ ಜೀನು ನರಕೋಶದಲ್ಲಿ ಸುಮ್ಮನಿರುತ್ತದೆ.