ಪ್ರಶ್ನೋತ್ತರ: ಊರಿಗೆ ಬಂದು ಹೋದವರ ಜ್ವರ

ಪ್ರಶ್ನೆ: ನಮ್ಮ ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ಈ ಸಲ ಬರುವಾಗ ಥಾಯ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ನಾಲ್ಕು ದಿನ ತಿರುಗಾಡಿ, ಎಳ್ಳಮಾವಾಸ್ಯೆಯ ಹೊತ್ತಿಗೆ ನಮ್ಮ ಹಳ್ಳಿಗೆ ಬಂದರು. ಎಲ್ಲರೊಡನೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ ಉಂಡರು. ಜರ್ಮನಿಗೆ ಮರಳಿದ ಐದನೆಯ ದಿನ ಅಳಿಯಂದಿರಿಗೆ ವಿಪರೀತ ಜ್ವರ, ತಲೆನೋವು. ಮಲೇರಿಯಾ, ಡೆಂಗಿ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಸೊಂಟದ ಬಳಿಯಿದ್ದ ಕರಿ ಹಕ್ಕಳೆಯನ್ನು ನೋಡಿ ಸ್ಕ್ರಬ್ ಟೈಫಸ್ ಎಂದು ಗುರುತಿಸಿ ಮಾತ್ರೆ ಕೊಟ್ಟರಂತೆ, ಈಗ ಗುಣವಾಗಿದ್ದಾರೆ. ರೋಗ ನಮ್ಮ ಹೊಲದಿಂದಲೇ ಹತ್ತಿತೆಂದು ಬೀಗರು ಹೇಳುತ್ತಿದ್ದಾರೆ. ಇದು ನಿಜವೇ? ನಾವೂ ಪರೀಕ್ಷೆ ಮಾಡಿಸಬೇಕೇ? ಮುಂದಿನ ಸಲ ಅವರು ಮೊದಲೇ ಮಾತ್ರೆ ನುಂಗಿ ಬರಬಹುದೇ?
— ಆಳಂದ ತಾಲ್ಲೂಕಿನ ಓದುಗರು

ಉತ್ತರ: ಬೀಗರ ಮಾತನ್ನು ಒಪ್ಪುವುದಕ್ಕೂ ತಳ್ಳಿಹಾಕುವುದಕ್ಕೂ ಆಧಾರವಿಲ್ಲ. ಈ ರೋಗದ ಸೂಕ್ಷ್ಮಾಣು ಮೈ ಸೇರಿದ 6ರಿಂದ 21 ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ನೀವು ಬರೆದಿರುವ ಕ್ರಮದಲ್ಲಿ ಥಾಯ್ಲೆಂಡಿನ ಗುಡ್ಡವೂ ನಿಮ್ಮ ಬದುವೂ ಆ ಅವಧಿಯೊಳಗೇ ಬರುತ್ತವೆ. ಪಾಕಿಸ್ತಾನದಿಂದ ಜಪಾನಿನವರೆಗೆ, ಕೆಳಗೆ ಉತ್ತರ ಆಸ್ಟ್ರೇಲಿಯಾದವರೆಗೆ ಹರಡಿರುವ ಪ್ರದೇಶದಲ್ಲಿ ಈ ರೋಗ ಹಿಂದಿನಿಂದಲೂ ಇದೆ. ನಮ್ಮ ದೇಶ, ನಮ್ಮ ರಾಜ್ಯ ಅದರೊಳಗೇ ಇವೆ.

ಇದನ್ನು ಹರಡುವುದು ಕಣ್ಣಿಗೆ ಕಾಣುವುದೂ ಕಷ್ಟವಾದಷ್ಟು ಸಣ್ಣ ನುಸಿಯ ಮರಿ. ಪೊದೆ, ಹುಲ್ಲು ಬೆಳೆದು ಇಲಿಗಳು ಓಡಾಡುವ ಬದು, ಹಳ್ಳದ ದಂಡೆ, ಬೀಳುಭೂಮಿಗಳಲ್ಲಿ ಅದು ಕಾದಿರುತ್ತದೆ. ತಾಯಿನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಸೋಂಕು ಸಾಗುವುದರಿಂದ ಒಂದೇ ಹೊಲದಲ್ಲಿ ಒಂದು ಪೊದೆ ಅಪಾಯಕಾರಿಯಾಗಿದ್ದು, ಹತ್ತು ಮಾರು ಆಚೆಗಿನ ಜಾಗ ನಿರಪಾಯವಾಗಿರಬಹುದು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಆದ್ದರಿಂದ ಜ್ವರವಿಲ್ಲದ ನೀವು ಪರೀಕ್ಷೆ ಮಾಡಿಸಬೇಕಾಗಿಲ್ಲ; ಹಿಂದೆಂದೋ ತಗುಲಿದ್ದ ಸೋಂಕಿನ ಗುರುತು ರಕ್ತದಲ್ಲಿ ಕಂಡು ಸುಮ್ಮನೆ ಗಾಬರಿಯಾಗಬಹುದು.

ನಿಮ್ಮ ಅಳಿಯಂದಿರನ್ನು ನೋಡಿದ ವೈದ್ಯರು ಬಟ್ಟೆ ಸರಿಸಿ ಮೈ ಪರೀಕ್ಷಿಸಿದ್ದು ದೊಡ್ಡ ಕೆಲಸ. ನುಸಿ ಕಚ್ಚಿದ್ದು ಗೊತ್ತಾಗುವುದಿಲ್ಲ, ಆ ಜಾಗದಲ್ಲಿ ಏಳುವ ಕರಿ ಹಕ್ಕಳೆ ನೋಯುವುದೂ ಇಲ್ಲ. ಸಿಗರೇಟಿನಿಂದ ಸುಟ್ಟ ಗಾಯದಂತೆ ಕಾಣುವ ಅದು ಕಂಕುಳು, ತೊಡೆಸಂದು, ಸೊಂಟದ ಲಾಡಿ ಒತ್ತುವ ಜಾಗ, ಹೆಂಗಸರಲ್ಲಿ ಸ್ತನದ ಕೆಳಭಾಗ ಹೀಗೆ ರೋಗಿ ತಾನಾಗಿ ತೋರಿಸದ ಕಡೆಗಳಲ್ಲೇ ಇರುತ್ತದೆ. ಎಲ್ಲರಲ್ಲೂ ಕಾಣುವುದಿಲ್ಲವೆಂಬುದೂ ನಿಜ. ಹಕ್ಕಳೆ ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿಯೆಂದೂ, ಜ್ವರ ಬಿಡದಿರುವುದರಿಂದ ಟೈಫಾಯ್ಡ್ ಎಂದೂ ತಿಳಿದು ದಿನ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿನವರೆಗೆ ತೊಂದರೆ ಏರುತ್ತದೆ. ಟೈಫಾಯ್ಡಿಗೆ ಸಾಮಾನ್ಯವಾಗಿ ಕೊಡುವ ಸೆಫಲೋಸ್ಪೋರಿನ್ ಇಂಜೆಕ್ಷನ್ನು ಇದಕ್ಕೆ ನಾಟುವುದಿಲ್ಲ. ಬೇಕಾದದ್ದು ಅಗ್ಗದ ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗಾದರೆ ಅಜಿತ್ರೋಮೈಸಿನ್. ಬೇಗ ಆರಂಭಿಸಿದರೆ ಎರಡು ದಿನಗಳಲ್ಲಿ ಜ್ವರ ಇಳಿಯುವುದೇ ಹೆಚ್ಚು. ಬಲವಾದ ಅನುಮಾನವಿದ್ದಾಗ ವರದಿಗಾಗಿ ಕಾಯದೆ ಔಷಧಿ ಶುರುಮಾಡುವುದು ಸರಿಯಾದ ಕ್ರಮ. ಇಷ್ಟು ಸುಲಭವಾಗಿ ಗುಣವಾಗುವ, ಬಿಟ್ಟರೆ ಕೊಲ್ಲುವ ಈ ಜ್ವರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಯಲ್ಲೂ ಜಾಗ ಸಿಕ್ಕಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ.

ಲಸಿಕೆ ಇಲ್ಲ. ರಜೆಗೆ ಬರುವವರು ಮೊದಲೇ ಮಾತ್ರೆ ನುಂಗುವುದು ವಾಡಿಕೆಯಲ್ಲ, ನಾನೂ ಹೇಳುವುದಿಲ್ಲ. ಎಳ್ಳಮಾವಾಸ್ಯೆಗೆ ಖಂಡಿತ ಬರಲಿ. ಪೊದೆಯ ಪಕ್ಕ ಬರಿನೆಲದಲ್ಲಿ ಕೂರುವ ಬದಲು ದಪ್ಪ ಜಮಖಾನೆ ಹಾಸಿಕೊಳ್ಳಲಿ, ತೆಗೆದ ಬಟ್ಟೆಗಳನ್ನು ಹುಲ್ಲಿನ ಮೇಲೆ ಹರವದಿರಲಿ, ಕಾಲು ಮುಚ್ಚುವ ಉಡುಪು ತೊಟ್ಟು ಕೀಟಗಳನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕವಿರುವ ಮುಲಾಮು ಹಚ್ಚಿಕೊಳ್ಳಲಿ, ಮನೆಗೆ ಮರಳಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆ ಬದಲಿಸಲಿ. ಹಿಂದಿರುಗಿದ ಮೂರು ವಾರಗಳೊಳಗೆ ಜ್ವರ ಬಂದರೆ ಎಲ್ಲೆಲ್ಲಿ ತಿರುಗಿದೆವು, ಎಲ್ಲಿ ಕುಳಿತೆವು ಎಂಬುದನ್ನು ಅಲ್ಲಿನ ವೈದ್ಯರಿಗೆ ಕೇಳುವ ಮೊದಲೇ ಹೇಳಲಿ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂಬ ಭರವಸೆಯಿಲ್ಲ. ಸೂಕ್ಷ್ಮಾಣುವಿನಲ್ಲಿ ಹಲವು ತಳಿಗಳಿವೆ.

ಪ್ರಶ್ನೆ: ನಮ್ಮಲ್ಲಿ ಆನೆಕಾಲು ರೋಗದ ಮಾತ್ರೆಯನ್ನು ಮನೆಮನೆಗೆ ಬಂದು ನುಂಗಿಸುತ್ತಾರೆ. ಎರಡು ವಾರಕ್ಕೆಂದು ವಿದೇಶದಿಂದ ಬರುವ ಮೊಮ್ಮಕ್ಕಳಿಗೂ ಬೇಕೇ?
— ಯಾದಗಿರಿಯ ಓದುಗರು

ಉತ್ತರ: ಬೇಕಾಗಿಲ್ಲ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿದಾಗ ಹಿಡಿಯುವ ರೋಗವಿದು. ಎರಡು ವಾರದ ಅತಿಥಿಗಳಿಗೆ ಅಪಾಯ ತೀರಾ ಕಡಿಮೆ. ಅವರಿಗೆ ಸೊಳ್ಳೆಪರದೆ ಕಟ್ಟಿ, ಡೆಂಗಿಯ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ಹಗಲಿನಲ್ಲೂ ತುಂಬುತೋಳಿನ ಬಟ್ಟೆ ತೊಡಿಸಿ. ಇಲ್ಲಿಯೇ ವಾಸಿಸುವ ನೀವು ಮಾತ್ರ ತಪ್ಪಿಸಬೇಡಿ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ಗಂಭೀರ ಕಾಯಿಲೆಯವರನ್ನು ಬಿಟ್ಟು ಉಳಿದವರು ಉಂಡ ಮೇಲೆ, ಮಾತ್ರೆ ತಂದವರ ಎದುರಿನಲ್ಲೇ ನುಂಗಬೇಕು. ನುಂಗಿದ ಮೇಲೆ ಕೆಲವರಿಗೆ ಬರುವ ಸಣ್ಣ ಜ್ವರ, ತಲೆಸುತ್ತು ಬಹುಮಟ್ಟಿಗೆ ರಕ್ತದಲ್ಲಿರುವ, ಈ ರೋಗ ತರುವ ಹುಳುವಿನ ಮರಿಗಳು ಸಾಯುವುದರಿಂದ ಆಗುವಂಥದ್ದು. ಒಂದೆರಡು ದಿನಗಳಲ್ಲಿ ಇಳಿಯದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.